‘ಊಟ ಮಾಡಿ ಕುಡಿ’ ಎಂದದ್ದು ತಪ್ಪೇ? ಒಬ್ಬ ಆಶಾ ಕಾರ್ಯಕರ್ತೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ತುಮಕೂರು ಕಡೆಯ ಹಳ್ಳಿಯೊಂದರಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ನಮ್ಮ ಬೀದಿಯಲ್ಲಿ ಗಾರೆ ಕೆಲಸದವರೊಬ್ಬರಿದ್ದಾರೆ, ನಲವತ್ತೆರಡು ವರ್ಷ. ದಿನಕ್ಕೆ ಎರಡು ಕ್ವಾರ್ಟರ್, ಬಟವಾಡೆ ದಿನ ಮೂರು. ಬೆಳಿಗ್ಗೆ ಒಂದು ತೊಂಬತ್ತು ಹಾಕದಿದ್ದರೆ ಕರಣೆ ಹಿಡಿಯೋಕೆ ಆಗಲ್ಲ, ಕೈ ಅಷ್ಟು ನಡುಗುತ್ತೆ. ಆರು ತಿಂಗಳು ಬೆನ್ನು ಬಿದ್ದು ಹೇಳಿದೆ, ‘ಅಣ್ಣಾ, ಮಕ್ಕಳ ಮುಖ ನೋಡಿ ಇವತ್ತೇ ಬಿಟ್ಟುಬಿಡಿ’ ಅಂತ. ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕಿಕೊಂಡು ಒಂದೇ ಸಲಕ್ಕೆ ಬಿಟ್ಟರು. ಊರೆಲ್ಲ ನನ್ನನ್ನು ಹೊಗಳಿತು. ಮಾರನೇ ದಿನ ಮಧ್ಯಾಹ್ನ ಫಿಟ್ಸ್ ಬಂತು. ಹತ್ತಿರದ ಕ್ಲಿನಿಕ್‌ನಲ್ಲಿ ಸುಸ್ತು ಅಂತ ಎರಡು ಬಾಟಲಿ ಗ್ಲೂಕೋಸ್ ಹಾಕಿ ಕಳಿಸಿದರು. ಮೂರನೇ ರಾತ್ರಿ ಮೈಮೇಲೆ ಇರುವೆ ಅಂತ ಕೂಗಾಡಿದರು, ಖಾಲಿ ಕೈಯಲ್ಲಿ ಗೋಡೆಗೆ ಗಾರೆ ಬಳಿಯುತ್ತಿದ್ದರು. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬದುಕಿ ಬಂದರು. ‘ಮಾಲೆಯಲ್ಲಿ ಶುದ್ಧ ಇರಲಿಲ್ಲ, ಸ್ವಾಮಿ ತೋರಿಸಿದ’ ಅಂದರು ಊರವರು.

ಒಂದು ತಿಂಗಳಾದ ಮೇಲೆ ಮತ್ತೆ ಶುರುವಾಯಿತು. ಈ ಸಲ ನನಗೆ ‘ಬಿಡಿ’ ಅನ್ನೋಕೆ ಭಯ. ‘ಹೊಟ್ಟೆಗೆ ಹಾಕಿಕೊಂಡು ಕುಡೀರಿ, ಕುಡಿದ ಮೇಲೆ ಗಾಡಿ ಮುಟ್ಟಬೇಡಿ, ಬಟವಾಡೆ ದುಡ್ಡು ಮೊದಲು ಅಕ್ಕನ ಕೈಗೆ ಕೊಡಿ’ ಅಂದೆ. ಇದು ಸಂಘದ ಹೆಂಗಸರ ಕಿವಿಗೆ ಬಿತ್ತು. ‘ಏನಕ್ಕಾ, ಕುಡುಕ್ರಿಗೆ ಹೆಂಗ್ ಕುಡೀಬೇಕು ಅಂತ ಟ್ರೇನಿಂಗ್ ಕೊಡ್ತೀಯಂತೆ’ ಅಂತ ಸಭೆಯಲ್ಲೇ ಕೇಳಿದರು. ಅವರ ಹೆಂಡತಿ ಈಗ ಯಾವುದೋ ಪುಡಿ ತರಿಸಿ ಗೊತ್ತಾಗದಂಗೆ ಸಾರಿಗೆ ಹಾಕುತ್ತಿದ್ದಾರೆ, ಯಾರಿಗೂ ಹೇಳಬೇಡ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಾರೆ. ಗಾರೆಯವರೋ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುತ್ತಾರೆ. ನಾನು ಕುಡಿತಕ್ಕೆ ಕುಮ್ಮಕ್ಕು ಕೊಡುತ್ತಿದ್ದೇನಾ? ಮೊದಲು ಮಾಡಿದ್ದು ತಪ್ಪಾ, ಈಗ ಮಾಡುತ್ತಿರುವುದು ತಪ್ಪಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಭಯ ಒಂದೇ: ಒಳ್ಳೆಯದು ಮಾಡಲು ಹೋಗಿ ಒಬ್ಬರ ಜೀವಕ್ಕೆ ಸಂಚಕಾರ ತಂದೆನೇ ಎಂಬುದು. ಮುಚ್ಚಿಡದೆ ಹೇಳುತ್ತೇನೆ. ಹೊಟ್ಟೆಗೆ ಹಾಕಿಕೊಂಡು ಕುಡಿಯಿರಿ, ಗಾಡಿ ಮುಟ್ಟಬೇಡಿ ಎಂದ ನಿಮ್ಮ ಮಾತು ಸರಿ. ಅದಕ್ಕೂ ಮೊದಲು ಆರು ತಿಂಗಳು ಹೇಳಿದ ‘ಇವತ್ತೇ ಬಿಟ್ಟುಬಿಡಿ’ ಎಂಬ ಮಾತು, ಆ ಮನುಷ್ಯರ ಮಟ್ಟಿಗೆ, ಅಪಾಯದ್ದಾಗಿತ್ತು. ಊರು ಹೊಗಳಿದ್ದು ಅಪಾಯದ ಮಾತನ್ನು, ಬೈದದ್ದು ಸರಿಯಾದ ಮಾತನ್ನು. ಇದರಲ್ಲಿ ನಿಮ್ಮನ್ನು ದೂರಲು ಏನೂ ಇಲ್ಲ. ಇದನ್ನು ನಿಮಗೆ ಯಾರೂ ಕಲಿಸಿರಲಿಲ್ಲ. ಡಾಕ್ಟರಾಗಿ ಕಲಿತ ನಾನೇ ಒಮ್ಮೆ ಇದೇ ತಪ್ಪು ಮಾಡಿದ್ದೇನೆ.

ಮನೋವೈದ್ಯಶಾಸ್ತ್ರ ಓದುವ ಮೊದಲು ಒಂದು ಆರೋಗ್ಯ ಶಿಬಿರದಲ್ಲಿ ಕೂತಿದ್ದೆ. ನೇಯ್ಗೆಯವರೊಬ್ಬರು ಬಂದರು. ಲಿವರ್ ಊದಿತ್ತು, ಕಣ್ಣು ಹಳದಿ. ಇನ್ನು ಒಂದು ಹನಿ ಮುಟ್ಟಿದರೂ ಸಾಯುತ್ತೀರಿ ಎಂದು ಹೆದರಿಸಿ ಕಳಿಸಿದೆ. ಅವರು ನನ್ನ ಮಾತು ನಂಬಿದರು, ಅಂದೇ ಬಿಟ್ಟರು. ನಾಲ್ಕನೇ ದಿನ ಆಸ್ಪತ್ರೆಗೆ ಹೊತ್ತು ತಂದಾಗ ಹಾಸಿಗೆಯ ಮೇಲೆ ಎದ್ದು ಕೂತು, ಇಲ್ಲದ ಮಗ್ಗಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಲಾಳಿ ಎಸೆಯುತ್ತಿದ್ದರು. ನಡುನಡುವೆ ಕಡಿದ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕುತ್ತಿದ್ದರು. ನಿಮ್ಮ ಗಾರೆಯವರು ಗೋಡೆಗೆ ಗಾರೆ ಬಳಿದದ್ದೂ ಇದೇ ಸ್ಥಿತಿ. ಮಿದುಳು ದಿಕ್ಕುತಪ್ಪಿದಾಗಲೂ ಕೈ ತನ್ನ ಕಸುಬನ್ನು ಮರೆಯುವುದಿಲ್ಲ. ಡೆಲಿರಿಯಮ್ ಟ್ರೆಮೆನ್ಸ್ ಎಂದು ಇದಕ್ಕೆ ಹೆಸರು. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಇದರಿಂದ ಸಾಯುವವರು ನೂರಕ್ಕೆ ಐದಕ್ಕಿಂತ ಕಡಿಮೆ. ಮನೆಯಲ್ಲೇ ಇಟ್ಟುಕೊಂಡರೆ ಆ ಲೆಕ್ಕ ಬಹಳ ಮೇಲೇರುತ್ತದೆ.

ಒಳಗೆ ಆಗುವುದೇನೆಂದರೆ, ಮದ್ಯ ಮಿದುಳನ್ನು ಮಂದ ಮಾಡುವ ವಸ್ತು. ಹಗಲೂ ರಾತ್ರಿ ವರ್ಷಗಟ್ಟಲೆ ಅದು ಹಿಂದಕ್ಕೆ ಎಳೆಯುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ, ಅಷ್ಟೇ ಬಲದಿಂದ ಮುಂದಕ್ಕೆ ಜಗ್ಗುವುದನ್ನು ಕಲಿಯುತ್ತದೆ. ಹೋರಿ ಬೆದರಿಸುವ ಹಬ್ಬದಲ್ಲಿ ನಾಲ್ಕು ಜನ ಹಗ್ಗ ಹಿಡಿದಿರುತ್ತಾರೆ, ಹೋರಿ ಜಗ್ಗುತ್ತಿರುತ್ತದೆ. ನಾಲ್ವರೂ ಒಟ್ಟಿಗೆ ಹಗ್ಗ ಬಿಟ್ಟರೆ ಅದು ಹೇಗೆ ನುಗ್ಗುತ್ತದೋ, ಮದ್ಯ ಒಮ್ಮೆಲೇ ನಿಂತಾಗ ಮಿದುಳೂ ಹಾಗೆಯೇ ನುಗ್ಗುತ್ತದೆ. ಕೊನೆಯ ಗುಟುಕಿನ ನಂತರ ಆರರಿಂದ ಎಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ದಿಕ್ಕುತಪ್ಪುವುದು, ಇರುವೆ, ಹಾವು ಕಾಣುವುದು ಎರಡರಿಂದ ನಾಲ್ಕನೇ ದಿನದ ನಡುವೆ. ನೀವು ಬರೆದ ದಿನಗಳನ್ನು ಲೆಕ್ಕ ಹಾಕಿ ನೋಡಿ, ಗಡಿಯಾರ ಇಟ್ಟಂತೆ ಹೊಂದುತ್ತದೆ.

ಆದ್ದರಿಂದ ಸ್ವಾಮಿಯ ಕೋಪದ ಮಾತು ಬೇಡ. ಅವರು ಮಾಲೆ ಹಾಕಿಕೊಂಡು ಸುಳ್ಳು ಹೇಳಿ ಕುಡಿದಿದ್ದರೆ ಫಿಟ್ಸ್ ಬರುತ್ತಲೇ ಇರಲಿಲ್ಲ. ವ್ರತವನ್ನು ಪ್ರಾಮಾಣಿಕವಾಗಿ ಹಿಡಿದದ್ದರಿಂದಲೇ ಬಂತು. ಈ ಒಂದು ಮಾತನ್ನು ಅವರ ಹೆಂಡತಿಗೂ ಮಕ್ಕಳಿಗೂ ನೀವು ಹೇಳಲೇಬೇಕು. ಅಶುದ್ಧನಾದೆ ಎಂಬ ಅವಮಾನ ಹೊತ್ತವರು ಎರಡನೇ ಸಲ ಬಿಡುವ ಧೈರ್ಯ ಮಾಡುವುದಿಲ್ಲ.

ಮಾಲೆಯ ಕಾಲ ಬಂದರೆ ನಮ್ಮ ವಾರ್ಡಿಗೆ ಕಪ್ಪು ಪಂಚೆಯವರು ಬರುವುದು ನಮಗೆ ಹೊಸದಲ್ಲ. ನಲವತ್ತೊಂದು ದಿನ ಮುಟ್ಟದೇ ಇರುತ್ತೇನೆ ಎನ್ನುವ ಸಂಕಲ್ಪ ದೊಡ್ಡ ಬಲ. ಅದನ್ನು ಹಾಳು ಮಾಡುವುದು ತರವಲ್ಲ. ಮುಂದಿನ ವರ್ಷ ಹೀಗೆ ಮಾಡಿ: ನಿಮ್ಮ ಊರಿನ ಗುರುಸ್ವಾಮಿಯವರನ್ನು ಮಾಲೆ ಹಾಕುವ ಎರಡು ವಾರ ಮೊದಲೇ ಕಾಣಿ. ಮಾಲೆ ಹಾಕಿಕೊಳ್ಳುವ ಪ್ರತಿಯೊಬ್ಬರಿಗೂ ‘ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ? ಹಿಂದೆ ಬಿಟ್ಟಾಗ ಕೈ ನಡುಗಿತ್ತೇ, ಫಿಟ್ಸ್ ಬಂದಿತ್ತೇ?’ ಎಂದು ಕೇಳುವಂತೆ ಹೇಳಿ. ಹೌದು ಎಂದವರು ಮೊದಲು ಆಸ್ಪತ್ರೆಗೆ ಬಂದು, ಮಾತ್ರೆಯ ಕಾವಲಿನಲ್ಲಿ ಮದ್ಯ ನಿಲ್ಲಿಸಿ, ಆಮೇಲೆ ಮಾಲೆ ಹಾಕಿಕೊಳ್ಳಲಿ. ಇದಕ್ಕೆ ಬೇಡ ಎಂದ ಗುರುಸ್ವಾಮಿಗಳನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನು ಆ ಎರಡು ಬಾಟಲಿ ಗ್ಲೂಕೋಸ್. ನಮ್ಮ ಕಡೆ ಸುಸ್ತಾದರೆ ಬಾಟಲಿ ಹಾಕಿಸುವುದು ರೂಢಿ. ದಿನವೂ ಕುಡಿಯುವವರಲ್ಲಿ ಇದು ಅಪಾಯಕಾರಿ. ಊಟ ಬಿಟ್ಟು ಕುಡಿಯುವವರ ಮೈಯಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬತ್ತಿಹೋಗಿರುತ್ತದೆ. ಸಕ್ಕರೆಯನ್ನು ಶಕ್ತಿಯಾಗಿ ಮಾಡಿಕೊಳ್ಳಲು ಮಿದುಳಿಗೆ ಥಯಾಮಿನ್ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದ ಚೂರೂ ಖರ್ಚಾಗಿ, ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಗೊಂದಲ ಶುರುವಾಗುತ್ತದೆ. ಇದು ವರ್ನಿಕೆ ಕಾಯಿಲೆ. ಕೆಲವರಲ್ಲಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುತ್ತದೆ. ಥಯಾಮಿನ್ ಇಂಜೆಕ್ಷನ್ ದುಬಾರಿಯೇನಲ್ಲ. ಬಾಟಲಿ ಹಾಕಿಸುವಾಗ ‘ಇವರು ದಿನವೂ ಕುಡಿಯುವವರು, ಥಯಾಮಿನ್ ಮೊದಲು ಕೊಡ್ತೀರಾ ಡಾಕ್ಟ್ರೇ?’ ಎಂದು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಫಿಟ್ಸ್ ಬಂದ ಹೊತ್ತಿನಲ್ಲಿ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗದು. ಬಾಯಿಗೆ ಏನನ್ನೂ ತುರುಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಈಗ ಕುಮ್ಮಕ್ಕಿನ ಪ್ರಶ್ನೆಗೆ ಬರುತ್ತೇನೆ. ಸಂಘದ ಹೆಂಗಸರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಇದೇ ನರಕ ಉಂಡವರು. ಆದರೆ ಬಿಡುವ ತನಕ ಆಗುವ ಹಾನಿಯನ್ನು ತಗ್ಗಿಸುವ ನಿಮ್ಮ ಕೆಲಸ ಕುಡಿತವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ವ್ಯಸನ ಚಿಕಿತ್ಸೆಯಲ್ಲಿ ಇದಕ್ಕೆ ದೊಡ್ಡ ಪಾಠವೊಂದಿದೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ಸಿರಿಂಜ್ ಸಿಗದಂತೆ ಮಾಡಿದರು. ಔಷಧಿ ಅಂಗಡಿಗಳು ಮಾರುವುದನ್ನು ನಿಲ್ಲಿಸಿದವು, ಪೊಲೀಸರು ಸಿಕ್ಕಿದ್ದನ್ನು ಕಿತ್ತುಕೊಂಡರು. ಸೂಜಿ ಸಿಗದಿದ್ದರೆ ಚಟ ಬಿಡುತ್ತಾರೆ ಎಂಬ ಲೆಕ್ಕ. ಅವರು ಬಿಡಲಿಲ್ಲ, ಒಂದೇ ಸೂಜಿಯನ್ನು ಹಲವರು ಹಂಚಿಕೊಂಡರು. 1986ರಲ್ಲಿ ಅಲ್ಲಿನ ಒಬ್ಬ ವೈದ್ಯರು ತಮ್ಮ ಚಿಕಿತ್ಸಾಲಯಕ್ಕೆ ಬರುವ ಇಂಥವರ ರಕ್ತ ಪರೀಕ್ಷೆಯ ವರದಿ ಪ್ರಕಟಿಸಿದಾಗ ಅರ್ಧದಷ್ಟು ಜನಕ್ಕೆ ಎಚ್‌ಐವಿ ತಗುಲಿತ್ತು. ಅದೇ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಕಾಯಿಲೆ ಹರಡದಿರಲೆಂದು ಹಳೆಯ ಸೂಜಿ ಪಡೆದು ಹೊಸದು ಕೊಡುವ ಕೆಲಸ ಶುರುವಾಗಿತ್ತು. ನಮ್ಮ ದೇಶದಲ್ಲೂ ಮಣಿಪುರದಂಥ ರಾಜ್ಯಗಳಲ್ಲಿ ಕಾರ್ಯಕರ್ತರು ‘ಚಟಕ್ಕೆ ಕುಮ್ಮಕ್ಕು’ ಎಂಬ ಇದೇ ಬೈಗುಳ ತಿನ್ನುತ್ತಲೇ ಈ ಕೆಲಸ ಮಾಡಿದರು. ಇಂದು ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗ.

ನಿಮ್ಮ ‘ಊಟ ಮಾಡಿ ಕುಡಿಯಿರಿ’ ಆ ಸೂಜಿಯ ತಂಗಿ. ಹೊಟ್ಟೆಯಲ್ಲಿ ಅನ್ನ ಇದ್ದರೆ ಮದ್ಯ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಒಮ್ಮೆಲೇ ತಲೆಗೇರುವುದಿಲ್ಲ. ಊಟ ಇದ್ದಲ್ಲಿ ಒಂದಿಷ್ಟು ಜೀವಸತ್ವವೂ ಇರುತ್ತದೆ. ಗಾಡಿ ಮುಟ್ಟದಿದ್ದರೆ ಅವರೂ, ದಾರಿಯಲ್ಲಿ ಹೋಗುವ ಇನ್ನೊಬ್ಬರ ಮಗುವೂ ಉಳಿಯುತ್ತಾರೆ. ಇದಕ್ಕೆ ಎರಡು ಮಾತು ಸೇರಿಸಿ. ಒಂದು, ಗಾರೆ ಕೆಲಸ ಎಂದರೆ ಸಾರ್ವೆಯ ಮೇಲೆ ನಿಲ್ಲುವ ಕೆಲಸ. ಕುಡಿದ ದಿನ ಮೇಲೆ ಹತ್ತಬಾರದು, ನೆಲದ ಕೆಲಸ ಮಾತ್ರ. ಎರಡು, ಕಾಸು ಸಾಲದ ದಿನ ಕಳ್ಳಬಟ್ಟಿಯ ಕಡೆ ಹೋಗಬಾರದು. ಮಿಥೆನಾಲ್ ಎಂಬ ವಿಷ ಬೆರೆತ ಮದ್ಯ ಕುಡಿದು 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನ ಸತ್ತರು, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರೇ. ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಕುಡಿಯುವವರ ಮೈಯ ಬೇಡಿಕೆ ಆದೇಶದಿಂದ ನಿಲ್ಲಲಿಲ್ಲ.

ಅಳತೆಯ ವಿಷಯದಲ್ಲಿ ಒಂದು ಸಣ್ಣ ಉಪಾಯ ಹೇಳುತ್ತೇನೆ, ನನ್ನ ಹೊರರೋಗಿ ಕೋಣೆಯಲ್ಲಿ ದಿನವೂ ಮಾಡುವುದು. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ಚೊಂಬು ನೀರು, ಕೆಮ್ಮಿನ ಔಷಧಿಯ ಮುಚ್ಚಳ ಇಟ್ಟಿರುತ್ತೇನೆ. ‘ಒಂದು ಸಲಕ್ಕೆ ಎಷ್ಟು ಹಾಕ್ಕೊಳ್ತೀರೋ ಅಷ್ಟು ನೀರು ಹಾಕಿ ತೋರಿಸಿ’ ಎನ್ನುತ್ತೇನೆ. ‘ಎರಡೇ ಪೆಗ್’ ಎಂದವರ ಲೋಟದಿಂದ ಹತ್ತು ಮಿಲಿಯ ಮುಚ್ಚಳದಲ್ಲಿ ಅಳೆದು ತೆಗೆಯುತ್ತಾ ಹೋದರೆ ಹನ್ನೆರಡು, ಹದಿನೈದು ಮುಚ್ಚಳ ಆಗುತ್ತದೆ. ಅವರ ಕಣ್ಣೆದುರೇ ಎಣಿಸಬೇಕು, ಬಾಯಲ್ಲಿ ಏನೂ ಹೇಳಬಾರದು. ವಿಸ್ಕಿ, ಬ್ರಾಂದಿ, ರಮ್ ಮೂವತ್ತು ಮಿಲಿಯಲ್ಲಿ ಹತ್ತು ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ, ಅದು ಒಂದು ಅಳತೆ. ಒಂದು ತೊಂಬತ್ತು ಎಂದರೆ ಮೂರು ಅಳತೆ, ಕ್ವಾರ್ಟರ್ ಎಂದರೆ ಆರು. ‘ಬರೀ ಬಿಯರ್’ ಎನ್ನುವವರ ದೊಡ್ಡ ಸ್ಟ್ರಾಂಗ್ ಬಾಟಲಿಯಲ್ಲಿ ಹೆಚ್ಚುಕಡಿಮೆ ನಾಲ್ಕು. ನಿಮ್ಮ ಗಾರೆಯವರು ದಿನಕ್ಕೆ ಹನ್ನೆರಡು ಅಳತೆಯ ಮೇಲೆ ಹೋಗುತ್ತಿದ್ದಾರೆ.

ಅಷ್ಟು ಕುಡಿಯುವ, ಒಮ್ಮೆ ಫಿಟ್ಸ್ ಕಂಡ ಮನುಷ್ಯ ‘ಸ್ವಲ್ಪ ಕಡಿಮೆ ಮಾಡಿಕೊಂಡು’ ಜೀವನಪೂರ್ತಿ ಹಾಗೆಯೇ ನಡೆಸಬಲ್ಲರು ಎಂದು ನಾನು ನಂಬುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅಂಥವರನ್ನು ನಾನು ಕಂಡಿರುವುದು ಬೆರಳೆಣಿಕೆಯಷ್ಟು. ಅವರಿಗೆ ಕೊನೆಗೆ ಬೇಕಾಗುವುದು ಪೂರ್ತಿ ಬಿಡುವುದೇ. ನಿಮ್ಮ ಈಗಿನ ಮಾತುಗಳು ಅಲ್ಲಿಯ ತನಕದ ಕಾಲುಸಂಕ. ಆಸ್ಪತ್ರೆ ತಲುಪುವವರೆಗೆ ಅವರು ಒಮ್ಮೆಲೇ ನಿಲ್ಲಿಸಬಾರದು ಎಂಬುದನ್ನು ಮನೆಯವರಿಗೂ ತಿಳಿಸಿ. ಬಾಟಲಿ ಬಚ್ಚಿಡುವುದು, ಕೋಣೆಯಲ್ಲಿ ಕೂಡಿಹಾಕುವುದು ಇಂಥವರ ಜೀವಕ್ಕೇ ಕುತ್ತು. ಅದೇ, ವಾರಕ್ಕೆರಡು ಸಲ ಗೆಳೆಯರ ಜೊತೆ ಕುಡಿಯುವ, ಬೆಳಿಗ್ಗೆ ನಡುಕವಿಲ್ಲದ ಹುಡುಗನಿಗೆ ‘ಬಿಟ್ಟುಬಿಡಪ್ಪ’ ಎಂದು ನೀವು ಧಾರಾಳವಾಗಿ ಹೇಳಬಹುದು.

ಪುಡಿಯ ವಿಷಯ ತಡಮಾಡುವಂಥದ್ದಲ್ಲ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಬರಹ ನೀವೂ ನೋಡಿರುತ್ತೀರಿ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೇ ಕುಟ್ಟಿ ಗುಟ್ಟಾಗಿ ಕೊಡುವವರೂ ಇದ್ದಾರೆ. ಅದು ನಿಜವಾದ ಔಷಧಿ, 1940ರ ದಶಕದ ಕೊನೆಯಿಂದ ಬಳಕೆಯಲ್ಲಿದೆ, ನಾನೂ ಬರೆಯುತ್ತೇನೆ. ಮದ್ಯವನ್ನು ಮೈ ಅರಗಿಸಿಕೊಳ್ಳುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಕೂಡಲೇ ಕರಗಿಹೋಗುತ್ತದೆ. ಈ ಔಷಧಿ ಆ ಕರಗುವಿಕೆಯನ್ನು ತಡೆಯುತ್ತದೆ. ಆಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆ ಎಂಬ ಎಚ್ಚರವೇ ಅದರ ಕೆಲಸ. ತಿಳಿಯದೇ ತಿಂದವರಿಗೆ ಎಚ್ಚರ ಎಲ್ಲಿಂದ ಬರಬೇಕು? ಎಂದಿನಂತೆ ಕ್ವಾರ್ಟರ್ ಏರಿಸುತ್ತಾರೆ, ಹೃದಯ ತಡೆಯದೇ ಹೋಗಬಹುದು. ಕೊನೆಯ ಮಾತ್ರೆಯ ನಂತರವೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಇದಲ್ಲದೆ ಆ ಸಾರನ್ನು ಮಕ್ಕಳೂ ಉಣ್ಣುತ್ತಿದ್ದಾರೆ.

ಆಣೆ ಮುರಿಯುವ ಮಾತು ನಿಮಗೆ ಕಷ್ಟ ಎಂದು ಗೊತ್ತು. ಮೊದಲು ಆ ತಾಯಿಯ ಬಳಿಗೇ ಹೋಗಿ. ಪುಡಿ ಹಾಕುವ ಹೆಂಗಸು ಕೆಟ್ಟವಳಲ್ಲ, ಬೇರೆ ದಾರಿಯನ್ನು ಅವಳಿಗೆ ಯಾರೂ ತೋರಿಸಿಲ್ಲ. ಬಯ್ಯದೆ, ಮೇಲೆ ಬರೆದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಇಂದೇ ನಿಲ್ಲಿಸಿ. ಪೊಟ್ಟಣ ಎಸೆಯಬೇಡಿ, ಆಸ್ಪತ್ರೆಗೆ ತರಬೇಕು. ಗಂಡನಿಗೂ ತಿಳಿಸಬೇಕು, ಅದನ್ನು ಹೆಂಡತಿಯ ಬಾಯಿಂದಲೇ, ಡಾಕ್ಟರ ಎದುರಲ್ಲಿ ಹೇಳಿಸಿದರೆ ಜಗಳ ಕಡಿಮೆ. ಅವರು ಒಪ್ಪದೇ ಪುಡಿ ಮುಂದುವರಿಸಿದರೆ, ಆಣೆಗಿಂತ ಜೀವ ದೊಡ್ಡದು. ನೀವೇ ಡಾಕ್ಟರಿಗೆ ತಿಳಿಸಿ.

ಅವರ ಮುಂದಿನ ದಾರಿ ಏನು? ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮೊದಲ ಹೆಜ್ಜೆ ಅಲ್ಲಿಗೆ. ಸಾಧಾರಣ ಪ್ರಕರಣಗಳಲ್ಲಿ ಮನೆಯಲ್ಲೇ ಇದ್ದು ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ, ಥಯಾಮಿನ್ ಜೊತೆಗೆ, ವಾರ ಹತ್ತು ದಿನದಲ್ಲಿ ನಿಲ್ಲಿಸಬಹುದು. ಮಾತ್ರೆ ಮನೆಯವರ ಕೈಯಲ್ಲಿರಬೇಕು. ಇದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ಮೆಡಿಕಲ್ ಶಾಪಿನಿಂದ ಹಳೆ ಚೀಟಿ ತೋರಿಸಿ ತರುವುದಂತೂ ಕೂಡದು. ಆದರೆ ನಿಮ್ಮ ಗಾರೆಯವರಿಗೆ ಈ ದಾರಿ ಇಲ್ಲ. ಒಮ್ಮೆ ಫಿಟ್ಸ್, ಡೆಲಿರಿಯಮ್ ಕಂಡವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬರುವ ಸಂಭವ ಹೆಚ್ಚು. ಅವರು ಒಳರೋಗಿಯಾಗಿಯೇ ಬಿಡಬೇಕು. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು, ತೀರಾ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್.

ಮದ್ಯವರ್ಜನ ಶಿಬಿರಕ್ಕೆ ಕಳಿಸಬಹುದೇ ಎಂದು ಹಲವರು ಕೇಳುತ್ತಾರೆ. ಶಿಬಿರದ ಭಜನೆ, ಜೊತೆಯವರ ಬೆಂಬಲ, ಊರವರ ಮುಂದೆ ಮಾಡಿದ ಪ್ರಮಾಣ ಎಷ್ಟೋ ಮನೆಗಳನ್ನು ಉಳಿಸಿವೆ, ಕಣ್ಣಾರೆ ಕಂಡಿದ್ದೇನೆ. ಕೇಳಬೇಕಾದದ್ದು ಒಂದೇ: ಮೊದಲ ನಾಲ್ಕು ದಿನ ರಾತ್ರಿ ಡಾಕ್ಟರ್ ಅಥವಾ ನರ್ಸ್ ಇರುತ್ತಾರೆಯೇ? ಇಲ್ಲದಿದ್ದರೆ ಆಸ್ಪತ್ರೆ ಮೊದಲು, ಶಿಬಿರ ಆಮೇಲೆ. ಖಾಸಗಿ ಕೇಂದ್ರಗಳ ಬಗ್ಗೆ ಇನ್ನೂ ಎಚ್ಚರ ಬೇಕು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಕೇಳಿ. ಸರಪಳಿ, ಹೊಡೆತ, ಮನೆಯವರ ಭೇಟಿಗೆ ತಡೆ ಇದ್ದರೆ ಅಲ್ಲಿ ಬಿಡಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ವ್ಯಸನಿಗಳಿಗೂ ಅನ್ವಯಿಸುತ್ತದೆ, ಅದರಲ್ಲಿ ಸರಪಳಿ ಹಾಕುವುದು ನಿಷಿದ್ಧ.

ಮದ್ಯ ನಿಂತ ಮೇಲೆ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳಿವೆ. ಲಿವರ್, ಕಿಡ್ನಿ ನೋಡಿಕೊಂಡು ಡಾಕ್ಟರ್ ಆರಿಸುತ್ತಾರೆ. ಗಾರೆಯವರೇ ಒಪ್ಪಿದರೆ ಡೈಸಲ್ಫಿರಾಮ್ ಕೂಡ ಆಗಬಹುದು, ಹೆಂಡತಿ ಬೆಳಿಗ್ಗೆ ಎದುರಿಗೇ ಕೊಡುವಂತೆ. ಆಸ್ಪತ್ರೆಯಿಂದ ಬಂದು ಒಂದು ತಿಂಗಳಿಗೆ ಮತ್ತೆ ಕುಡಿದರು ಎಂದು ಬರೆದಿದ್ದೀರಿ. ಡಿಸ್ಚಾರ್ಜ್ ಆದ ಮೇಲೆ ಇಂಥ ಯಾವ ಮಾತ್ರೆಯೂ, ಯಾವ ಗುಂಪಿನ ಸಭೆಯೂ ಇರಲಿಲ್ಲ ಎಂದು ನನ್ನ ಅಂದಾಜು. ಹತ್ತು ದಿನದ ವಾರ್ಡ್ ವಾಸ ನಡುಕವನ್ನು ಕಳೆಯುತ್ತದೆ. ಸಂಜೆ ಆರು ಗಂಟೆಗೆ ಕೆಲಸ ಮುಗಿಸಿ ಕೈ ತೊಳೆಯುವಾಗ ಏಳುವ ಆಸೆಯನ್ನು ಅದು ಕಳೆಯುವುದಿಲ್ಲ. ಆ ಒಂದು ಗಂಟೆಗೆ ಏನು ಮಾಡುತ್ತಾರೆ ಎಂದು ಅವರನ್ನೇ ಕೇಳಿ, ಅವರ ಉತ್ತರದ ಮೇಲೆ ಕೆಲಸ ಮಾಡಿ. ದಿನಗೂಲಿಯನ್ನು ಸಂಜೆ ಕೈಗೆ ಕೊಡುವ ಮೇಸ್ತ್ರಿಯ ಜೊತೆ ಮಾತಾಡಿ ವಾರಕ್ಕೊಮ್ಮೆ ಹೆಂಡತಿಯ ಖಾತೆಗೆ ಹಾಕುವಂತೆ ಅವರಿಂದಲೇ ಹೇಳಿಸಿದ್ದು ನನ್ನ ಹಲವು ರೋಗಿಗಳಿಗೆ ಮಾತ್ರೆಯಷ್ಟೇ ಸಹಾಯ ಮಾಡಿದೆ.

ನಿಮ್ಮ ಮಾತಿಗೆ ಬೆಲೆಯಿದೆಯೇ ಎಂಬ ಅನುಮಾನ ಬೇಡ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು, ಯಾವ ವೈದ್ಯಕೀಯ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರ ಜೊತೆ ಮಾತುಕತೆ ನಡೆಸಿದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ ನೂರಕ್ಕೆ 36 ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 26. ನಿಮ್ಮ ಗಾರೆಯವರಷ್ಟು ಆಳಕ್ಕೆ ಇಳಿದವರು ಆ ಅಧ್ಯಯನದಲ್ಲಿ ಇರಲಿಲ್ಲ, ನಿಜ. ಆದರೆ ನಿಮ್ಮ ಬೀದಿಯಲ್ಲಿ ಅವರಿಗಿಂತ ಹತ್ತು ವರ್ಷ ಹಿಂದಿರುವ ಯುವಕರು ಎಷ್ಟು ಮಂದಿ ಇದ್ದಾರೆ! 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ನೆರವು ಸಿಕ್ಕಿದೆ. ಉಳಿದ 37 ಜನರ ಮನೆ ಬಾಗಿಲಿಗೆ ನಾವು ಡಾಕ್ಟರುಗಳು ಹೋಗುವುದಿಲ್ಲ, ನೀವು ಹೋಗುತ್ತೀರಿ.

ಸಂಘದ ಸಭೆಯಲ್ಲಿ ವಾದಕ್ಕೆ ಇಳಿಯಬೇಡಿ. ಮೂರನೇ ರಾತ್ರಿ ಏನಾಯಿತು, ಯಾಕಾಯಿತು ಎಂಬುದನ್ನು ಆ ಮನೆಯವರ ಒಪ್ಪಿಗೆ ಪಡೆದು ಹೇಳಿ. ಆ ಹೆಂಗಸರಿಗೆ ಇನ್ನೊಂದು ಭರವಸೆಯೂ ಬೇಕು: ಕುಡಿತ ಕಾಯಿಲೆ ಎಂದ ಮಾತ್ರಕ್ಕೆ ಹೊಡೆತ ಕ್ಷಮೆಗೆ ಅರ್ಹವಲ್ಲ. ಗಂಡ ಕೈ ಎತ್ತುವ ಮನೆಯಲ್ಲಿ ಹೆಂಡತಿ, ಮಕ್ಕಳ ರಕ್ಷಣೆ ಮೊದಲು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಅದರಲ್ಲಿ ನಾನು ಎಂದೂ ರಾಜಿ ಮಾಡಿಕೊಳ್ಳುವುದಿಲ್ಲ, ನೀವೂ ಮಾಡಿಕೊಳ್ಳಬೇಡಿ.

ರಾತ್ರಿ ಹನ್ನೊಂದರ ಫೋನ್ ಎತ್ತಬೇಡಿ. ಇದನ್ನು ಕಟುವಾಗಿ ಹೇಳುತ್ತಿಲ್ಲ. ಕುಡಿದಾಗಿನ ಅಳು ಬೆಳಿಗ್ಗೆ ಅವರಿಗೆ ನೆನಪಿರುವುದಿಲ್ಲ, ನಿಮಗೆ ಮಾತ್ರ ನಿದ್ದೆ ಕೆಡುತ್ತದೆ. ‘ಅಣ್ಣಾ, ಬೆಳಿಗ್ಗೆ ಏಳಕ್ಕೆ ನಾನೇ ಬರ್ತೀನಿ, ಆವಾಗ ಮಾತಾಡೋಣ’ ಎಂದು ಹಗಲಲ್ಲೇ ಹೇಳಿಡಿ, ಹೇಳಿದಂತೆ ಹೋಗಿ. ರಾತ್ರಿಯ ಹೊತ್ತಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ 14446 ಇದೆ. ಎರಡನ್ನೂ ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ. ನಿಮಗೆ ಎದೆ ಭಾರವಾದಾಗಲೂ ಅದೇ 14416ಕ್ಕೆ ಕರೆ ಮಾಡಬಹುದು. ನಮ್ಮ ಕೆಲಸದವರಲ್ಲಿ ಹಾಗೆ ಮಾಡುವವರು ಕಡಿಮೆ, ಮಾಡಬೇಕಾದವರು ಬಹಳ.

ಮಂಗಳವಾರ ಹೊರಡುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದ ತಾರೀಖು, ಪುಡಿ ಎಷ್ಟು ದಿನ ಹಾಕಿದರು, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಜಿಲ್ಲಾ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಪುಡಿಯ ಪೊಟ್ಟಣ ಜೊತೆಗಿರಲಿ. ಬೆಳಿಗ್ಗೆ ತಿಂಡಿ ತಿನ್ನಿಸಿಯೇ ಕರೆತನ್ನಿ. ಆ ಹೊತ್ತಿಗೆ ನಡುಕ ಜೋರಾಗಿದ್ದು ಸ್ವಲ್ಪ ಕುಡಿದೇ ಬರಬೇಕಾದರೂ ಬರಲಿ, ಅದನ್ನೂ ಹಾಳೆಯಲ್ಲಿ ಬರೆಯಿರಿ. ಕುಡಿದು ಬಂದಿದ್ದಾರೆಂದು ಹೊರಗೆ ನಿಲ್ಲಿಸಿದರೆ, ಆ ಹಾಳೆಯನ್ನು ಡಾಕ್ಟರ ಕೈಗೇ ಕೊಡಿ.